ನೂರನೇ ಪ್ರಶ್ನೆ

11 ಜೂನ್ 2006, ಭಾನುವಾರ

ಈ ತಿಂಗಳು ಆರು ಪ್ರಶ್ನೆ. ಬಸಳೆ ಎಲೆಗೆ ಕೆಂಪು ಚುಕ್ಕೆ. ಇಶಾಡ ಮಾವು ಹೊರಗೆ ಚೆಂದ, ಕೊಯ್ದರೆ ಒಳಗೆ ಹುಳ. ತೆಂಗಿನ ಎಳೆಕಾಯಿ ಉದುರುವುದು — ಇದು ನಾಲ್ಕನೆಯ ಸಲ. ಉಳಿದ ಮೂರು ಓದಲಾಗಲಿಲ್ಲ, ಕಾರ್ಡು ನೆನೆದು ಶಾಯಿ ಹರಡಿದೆ. ಮತ್ತೆ ಬರೆಯಲು ಹೇಳಬೇಕು.

ಎರಡು ವರ್ಷವಾಯಿತು ಇದಕ್ಕೆ. ಅಂಕೋಲೆ ಕಡೆಯ ರೈತರು ಬರೆಯುತ್ತಾರೆ. ನಾನು ಇಂಗ್ಲಿಷ್ ಮಾಡಿ, ಸೈಬರ್‌ನಲ್ಲಿ ಕೂತು, ಇ-ಮೇಲ್ ಗುಂಪಿಗೆ ಹಾಕುತ್ತೇನೆ. ಅಲ್ಲಿ ಇನ್ನೂರು ಚಿಲ್ಲರೆ ಜನ — ಸಸ್ಯಶಾಸ್ತ್ರದವರು, ಮಣ್ಣಿನವರು, ಕೀಟದವರು. ಯಾರಾದರೊಬ್ಬರು ಉತ್ತರ ಕೊಡುತ್ತಾರೆ. ಅದನ್ನು ಕನ್ನಡ ಮಾಡಿ, ಒಂದು ಹಾಳೆಯಾಗಿ ಝೆರಾಕ್ಸ್ ಹೊಡೆಸಿ, ಬಸ್ಸಿಗೆ ಹಾಕುವುದು. ಕಾರವಾರದ ಕಾಲೇಜಿನಲ್ಲಿ ಬಾಟನಿ ಪಾಠ ಮಾಡುತ್ತ ಹದಿಮೂರು ವರ್ಷ ಕಳೆದೆ. ನನ್ನ ಮಾತಿಗೆ ಯಾರೂ ಕಾದು ಕೂತಿದ್ದಿಲ್ಲ. ಈ ಹಾಳೆಗೆ ಕಾಯುತ್ತಾರೆ.

ತೊಂಬತ್ತೊಂಬತ್ತು ಆಯಿತು ಒಟ್ಟು. ಇನ್ನೊಂದು ಬಂದರೆ ನೂರು.

ಆಯಿ ಅಡಿಗೆಮನೆಯಿಂದ ಮೂರು ಸಲ ಊಟಕ್ಕೆ ಕರೆದಳು — ಜೇವ್ ಗೊ, ಜೇವ್ ಗೊ. ಹೋಗುವಷ್ಟರಲ್ಲಿ ಅನ್ನ ಆರಿತ್ತು.


25 ಜೂನ್, ಭಾನುವಾರ

ಅಂಕೋಲೆ ಹತ್ತಿರದ ಭಾವಿಕೇರಿಗೆ ಹೋಗಿದ್ದೆ. ಸೋಮುವಿನ ಅಂಗಡಿಯಲ್ಲೇ ಹಾಳೆ ಇಡುವುದು. ಬೆಲ್ಲ, ಸೀಮೆಎಣ್ಣೆಯ ಜೊತೆ ಅದನ್ನೂ ಒಯ್ಯುತ್ತಾರೆ. ಅಲ್ಲಿ ಬೀರ ಗೌಡ ನನಗಾಗಿ ನಿಂತಿದ್ದ. ಕೈಯಲ್ಲಿ ಬೇರು ಸಮೇತ ಕಿತ್ತ ನಾಲ್ಕು ಭತ್ತದ ಸಸಿ, ಬಾಳೆಲೆಯಲ್ಲಿ ಸುತ್ತಿದ್ದು.

"ಅಕ್ಕೋರೆ, ನಮ್ಮ ಕಗ್ಗ ಹಳದಿ ಆಗ್ತೇ ಅದೆ. ಅಪ್ಪನ ಕಾಲದಲ್ಲೂ ಹಿಂಗೆ ಆಗಿದ್ದಿಲ್ಲ. ಕೇಳೂಕೆ ಅಡ್ಡಿಲ್ಲ ಅಂತ ತಂದೆ."

ಕಗ್ಗ ಉಪ್ಪುನೀರಿಗೆ ಹೆದರದ ಭತ್ತ. ಸಮುದ್ರದ ನೀರು ಒಳಬರುವ ಖಾರಿಯ ಪಕ್ಕದ ಗಜನಿ ಗದ್ದೆಯಲ್ಲಿ ಅದೊಂದೇ ನಿಲ್ಲುವುದು. ಈಗ ಹೆಚ್ಚಿನವರು ಬಿಟ್ಟು ಸಿಗಡಿ ಸಾಕುತ್ತಾರೆ. ಇಡೀ ಬಯಲಿನಲ್ಲಿ ಬೀರನದೂ ಇನ್ನೊಬ್ಬನದೂ ಮಾತ್ರ ಉಳಿದಿದೆ.

ಗದ್ದೆಗೆ ಕರೆದುಕೊಂಡು ಹೋದ. ಮಣ್ಣಿನ ಕಟ್ಟೆ, ನಡುವೆ ಹಲಗೆಯ ಬಾಗಿಲು. ಸಮುದ್ರದ ಇಳಿತದಲ್ಲಿ ತೆಗೆದು ಒಳಗಿನ ನೀರು ಬಿಡುವುದು, ಭರತ ಬಂದಾಗ ಮುಚ್ಚುವುದು. ದಿನಕ್ಕೆರಡು ಸಲ, ಮೂವತ್ತು ವರ್ಷದಿಂದ. ಹಲಗೆಯ ಸಂದಿಯಿಂದ ಹಿಂದಿನ ಬೇಸಿಗೆಯಲ್ಲಿ ಉಪ್ಪು ಹೆಚ್ಚು ನುಗ್ಗಿರಬೇಕು ಅಂದುಕೊಂಡೆ.

ಮಗಳು ಉಮಾ ಪ್ರಶ್ನೆ ಬರೆದುಕೊಟ್ಟಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆ. ಒಳ್ಳೆ ಅಕ್ಷರ. ಊರಿನ ಅರ್ಧ ಪ್ರಶ್ನೆ ಇವಳ ಕೈಯಿಂದಲೇ ಬರುವುದು, ಉತ್ತರ ಓದಿ ಹೇಳುವವಳೂ ಇವಳೇ. ಬೀರ ಓದು ಬಲ್ಲವನಲ್ಲ. ಮಗಳು ಬರೆಯುವಾಗ ಪಕ್ಕದಲ್ಲಿ ಕೂತು ಅಕ್ಷರವನ್ನೇ ನೋಡುತ್ತಿದ್ದ. ಹೆಂಡತಿ ತಿಮ್ಮಿ ಚಾ ಕೊಟ್ಟಳು, ಬೆಲ್ಲದ್ದು.

ನೂರನೆಯದು. ಸಸಿಗಳನ್ನು ಲ್ಯಾಬಿನಲ್ಲಿ ಇಟ್ಟಿದ್ದೇನೆ.


30 ಜೂನ್, ಶುಕ್ರವಾರ. ಸಂಜೆ 6

ಉತ್ತರ ಬಂತು. ಹರಿಶ್ಚಂದ್ರ ಎಂಬವರು, ಪುಣೆ ಕಡೆ ಇರುತ್ತಾರೆ, ನಿವೃತ್ತರು, ಉಪ್ಪುನೆಲದ ಭತ್ತದ ಮೇಲೆ ಜೀವಮಾನ ಕಳೆದವರು. ಉದ್ದ ಬರೆಯುತ್ತಾರೆ. ಪ್ರೀತಿಯಿಂದ ಬರೆಯುತ್ತಾರೆ.

ಸಾರಾಂಶ: ಎಳೆಬೇರಿಗೆ ಉಪ್ಪು ತಾಗಿದೆ. ಇಪ್ಪತ್ತೊಂದು ದಿನ ಬಾಗಿಲು ತೆಗೆಯಬೇಡಿ. ಮಳೆನೀರು ಒಳಗೇ ನಿಲ್ಲಲಿ. ಉಪ್ಪು ಬೇರಿನಿಂದ ಕೆಳಗಿಳಿಯುತ್ತದೆ.

ಕನ್ನಡ ಮಾಡಿದರೆ ಒಂದೂವರೆ ಪುಟ. ಒಂದಕ್ಕೆ ಇಳಿಸಲೇಬೇಕಿತ್ತು. ಝೆರಾಕ್ಸ್ ಅಂಗಡಿಯವ ಶಟರ್ ಎಳೆಯಲು ನಿಂತಿದ್ದ. ಅಲ್ಲಲ್ಲಿ ಕತ್ತರಿಸಿದೆ — ರಾಸಾಯನಿಕ ವಿವರ, ಕೊನೆಯ ಒಂದು ಭಾಗ. ಅವರಿಗೆ ಗೊತ್ತಿರುವುದೇ. ಮೇಲೆ ಗೆರೆ ಹೊಡೆದು ಚೌಕ ಹಾಕಿದೆ: "ನಿಮ್ಮ ಹಾಳೆಗೆ ನೂರು ಪ್ರಶ್ನೆ ತುಂಬಿತು." ನೋಡಲು ಚೆನ್ನಾಗಿದೆ.

ನಾಳೆ ಬೆಳಗಿನ ಬಸ್ಸಿಗೆ.


8 ಜುಲೈ, ಶನಿವಾರ

ಹಸಿರು ತಿರುಗಿದೆ. ನಾನೇ ನೋಡಿ ಬಂದೆ. ಬೀರ ಕಳೆದ ಭಾನುವಾರ ಬಾಗಿಲು ಮುಚ್ಚಿದ್ದಾನೆ; ಇವತ್ತಿಗೆ ಏಳನೇ ದಿನ. ಹೊಸ ಎಲೆ ಮೂಡಿದೆ, ತುದಿಯಲ್ಲಿ ಹಳದಿ ಇಲ್ಲ. ನನ್ನ ಹಾಳೆಯನ್ನು ಜಗಲಿ ಕಂಬಕ್ಕೆ ಅನ್ನದ ಅಗುಳಿನಿಂದ ಅಂಟಿಸಿದ್ದಾರೆ. ಉಮಾ ಅದರ ಅಂಚಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದಾಳೆ.

"ಅಪ್ಪಂಗೆ ಕೈ ಸುಮ್ನೆ ನಿಲ್ಲೂದಿಲ್ಲ," ಅಂದಳು. "ಇಳಿತ ಆಯ್ತು ಅಂದ್ರೆ ಬಾಗಿಲ ಹತ್ರ ಹೋಗಿ ನಿಲ್ತಾನೆ. ನಾ ಬೈದು ಕರ್ಕಂಡು ಬತ್ತೆ."

ಬೀರ ನಕ್ಕ. "ಸರ್ಕಾರಿ ರಜೆ ಸಿಕ್ತು ನಂಗೆ."

ಗುಂಪಿಗೂ ಬರೆದೆ — ಚೇತರಿಸುತ್ತಿದೆ ಅಂತ. ಹನ್ನೊಂದು ಜನ ಉತ್ತರಿಸಿದರು. ಮನಿಲಾದ ಒಬ್ಬಳು ಫೋಟೋ ಕೇಳಿದ್ದಾಳೆ. ಅರ್ಗಾದ ನಮ್ಮ ಗದ್ದೆ ನೌಕಾನೆಲೆಗೆ ಹೋದ ಮೇಲೆ ಬೇರೆಯವರ ಗದ್ದೆಗೆ ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು.


18 ಜುಲೈ, ಮಂಗಳವಾರ. ಬೆಳಿಗ್ಗೆ 11

ನಿನ್ನೆಯಿಂದ ಮಳೆ ಒಂದೇ ಸವನೆ. ಕಾಲೇಜಿಗೆ ರಜೆ. ಕೋಡಿಬಾಗದ ನಮ್ಮ ಓಣಿಯಲ್ಲಿ ಮೊಳಕಾಲು ನೀರು. ಆಯಿ ಅಕ್ಕಿ ಡಬ್ಬ ಮಂಚದ ಮೇಲಿಟ್ಟಳು. ಕಾಳಿ ನದಿ ಮಣ್ಣಿನ ಬಣ್ಣಕ್ಕೆ ತಿರುಗಿದೆಯಂತೆ. ಅಂಕೋಲೆ ಬಸ್ಸು ಇಲ್ಲ.

ಪರೀಕ್ಷೆ ಪೇಪರ್ ತಿದ್ದಿದೆ. ನಲವತ್ತು.


19 ಜುಲೈ, ಬುಧವಾರ

ಸೋಮುವಿನ ಫೋನು. ಲೈನು ಕೊರಕೊರ ಅನ್ನುತ್ತಿತ್ತು. ಎರಡು ಸಲ ಹೇಳಿಸಿದೆ.

ಬೀರ ಹೋದ. ನಿನ್ನೆ ಬೆಳಿಗ್ಗೆ ಗದ್ದೆಯೊಳಗೆ ನೀರು ಕಟ್ಟೆಯ ಮಟ್ಟಕ್ಕೆ ಬಂದಿತ್ತು. ಕಡೆಗೆ ಹಲಗೆ ಎತ್ತಲು ಹೋದನಂತೆ. ಹಲಗೆ ನೀರಿನ ಒತ್ತಡಕ್ಕೆ ಕಚ್ಚಿಕೊಂಡಿತ್ತು. ಎಳೆಯುತ್ತಿರುವಾಗಲೇ ಕಾಲಡಿಯ ಕಟ್ಟೆ ಜರಿಯಿತು. ಇವತ್ತು ಬೆಳಿಗ್ಗೆ ಖಾರಿಯಲ್ಲಿ, ಉಪ್ಪುನೀರಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಸಿಕ್ಕಿದ.

ಗದ್ದೆ ಪೂರ ಹೋಯಿತು ಅಂತಲೂ ಅಂದ.


30 ಜುಲೈ, ಭಾನುವಾರ

ಇವತ್ತು ಹೋಗಿ ಬಂದೆ. ಹನ್ನೆರಡು ದಿನ ಬೇಕಾಯಿತು ನನಗೆ.

ತಿಮ್ಮಿ ಜಗಲಿಯಲ್ಲಿ ಕೂತಿದ್ದಳು. ಕೈ ಹಿಡಿದುಕೊಂಡೆ. ಅವಳೇ ನನ್ನ ಕೈ ಸವರಿ, "ಮಳೆಲಿ ಬಂದ್ರಲ್ರಾ," ಅಂದಳು. ಉಮಾ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಏಳಲಿಲ್ಲ. ಕಂಬದ ಮೇಲೆ ಹಾಳೆ ಇರಲಿಲ್ಲ, ಅಗುಳಿನ ಕಲೆ ಇತ್ತು.

ವಾಪಸು ಬರುವಾಗ ಸೋಮು ಅಂಗಡಿಯಿಂದ ಇಳಿದು ಬಂದ. ಯಾರಿಗೂ ಕೇಳದ ಹಾಗೆ ಮಾತಾಡಿದ.

"ನಾ ಸೋಮವಾರವೇ ಹೇಳ್ದೆ ಅಕ್ಕೋರೆ, ಬಾಗಿಲ ತೆಗಿ ಮಾರಾಯ ಅಂತ. ಇನ್ನ ಐದೇ ದಿನ ಅದೆ ಅಂದ. ಕಾಗದದಲ್ಲಿ ಇಪ್ಪತ್ತೊಂದು ಅಂತ ಅದೆ ಅಂದ. ಆ ಪುಣೆ ಪಂಡಿತಗೆ ನಮ್ಮ ಮಳೆ ಯಂತಾ ಗೊತ್ತು? ಊರೆಲ್ಲ ಅವ್ನ ಬೈತೇ ಅದೆ."

ಬಸ್ಸಿನಲ್ಲಿ ಕೂತ ಮೇಲೆ ಹಾಳೆಗೆ ಇಳಿಸುವಾಗ ಕತ್ತರಿಸಿದ್ದು ನೆನಪಾಯಿತು. ಆ ಉತ್ತರದ ಕೊನೆಯ ಭಾಗ… ಏನಿತ್ತು ಅದರಲ್ಲಿ?


31 ಜುಲೈ, ಸೋಮವಾರ

ಸೈಬರ್‌ಗೆ ಹೋಗಿ ತೆಗೆದು ನೋಡಿದೆ. ಇಲ್ಲಿ ಪೂರ್ತಿ ಬರೆದಿಡುತ್ತೇನೆ, ಮತ್ತೆ ಮರೆತೆ ಅನ್ನಬಾರದು.

"ಒಂದು ಎಚ್ಚರಿಕೆ. ಒಂದೇ ದಿನ ಐದು ಇಂಚಿಗಿಂತ ಹೆಚ್ಚು ಮಳೆ ಬಿದ್ದರೆ ದಿನದ ಲೆಕ್ಕ ಬಿಟ್ಟು ಕೂಡಲೇ ಬಾಗಿಲು ತೆಗೆಯಲಿ. ಇಂಥ ಮಣ್ಣಿನ ಕಟ್ಟೆ ಹೊರಗಿನ ಸಮುದ್ರವನ್ನು ತಡೆಯಲು ಕಟ್ಟಿದ್ದು, ಒಳಗಿನ ನೀರಿನ ಭಾರಕ್ಕಲ್ಲ. ಬಾಗಿಲಿನ ವಿಷಯದಲ್ಲಿ ಗದ್ದೆಯವರ ಮಾತೇ ಕೊನೆಯದು, ನನ್ನದಲ್ಲ."

ಕನ್ನಡದಲ್ಲಿ ನಾಲ್ಕು ಸಾಲು ಆಗುತ್ತಿತ್ತು. ಹಾಳೆಯ ಪ್ರತಿ ತೆಗೆದು ನನ್ನ ಚೌಕವನ್ನು ಅಳೆದೆ. ನೂರು ಪ್ರಶ್ನೆ ತುಂಬಿತು ಎಂಬ ಚೌಕ. ಐದು ಸಾಲಿನ ಜಾಗ.


14 ಆಗಸ್ಟ್, ಸೋಮವಾರ

ಹರಿಶ್ಚಂದ್ರರ ಮೇಲ್. "ನಿಮ್ಮ ಗದ್ದೆ ಏನಾಯಿತು? ಇಪ್ಪತ್ತೊಂದು ದಿನ ಮುಗಿದಿರಬೇಕು. ಬೇರಿನ ಬಣ್ಣ ತಿಳಿಸಿ. ಆ ರೈತರಿಗೆ ನನ್ನ ನಮಸ್ಕಾರ. ಅವರು ಕೇಳಿದ ಪ್ರಶ್ನೆ ನಾವು ಕೇಳಬೇಕಾಗಿದ್ದುದು. ಬೇರೆ ಕರಾವಳಿಯವರಿಗೂ ಕಳಿಸಲು ಯೋಚಿಸುತ್ತಿದ್ದೇನೆ."

ಮುಚ್ಚಿದೆ.


2 ಸೆಪ್ಟೆಂಬರ್

ಈ ತಿಂಗಳು ಹಾಳೆ ಇಲ್ಲ. ಜ್ವರ ಅಂತ ಹೇಳಿ ಕಳಿಸಿದೆ.

ಮೂರು ಕಾರ್ಡು ಬಂದಿವೆ. ಓದದೆ ಡ್ರಾಯರ್‌ಗೆ.


15 ಅಕ್ಟೋಬರ್, ಭಾನುವಾರ

ಸಂತೆಯಲ್ಲಿ ತಿಮ್ಮಿ ಸಿಕ್ಕಿದಳು. ಕಾರವಾರದ ತನಕ ತರಕಾರಿ ತಂದಿದ್ದಾಳೆ. ಗೋಣಿ ಹಾಸಿ ಹರಿವೆ, ಗೆಣಸು, ಮೊಗೆಕಾಯಿ. ದಾಟಿ ಹೋಗಬೇಕೆಂದಿದ್ದೆ, ಕರೆದಳು.

"ಜ್ವರ ಗುಣ ಆಯ್ತ್ರಾ?"

ಆಯಿತು ಅಂದೆ. ಉಮಾ ಹೇಗಿದ್ದಾಳೆ ಕೇಳಿದೆ.

"ಇಲ್ಲಿಲ್ಲ ಅವ್ಳು. ಮಾಜಾಳಿಲಿ ನನ್ನ ತಂಗಿ ಗಂಗಿ ಮನೆಲಿ. ಅಲ್ಲಿಂದ ದಿನಾ ಗೋವಾಕ್ಕೆ ಹೋತಳೆ, ಮೀನ ಡಬ್ಬಿಗೆ ತುಂಬೂ ಫ್ಯಾಕ್ಟರಿಗೆ." ಹರಿವೆ ಕಟ್ಟಿಗೆ ನೀರು ಚಿಮುಕಿಸಿದಳು. "ಮನೆಲಿ ನಿಲ್ಲೂಕೆ ಆಗೂದಿಲ್ಲ ಅಂದ್ಳು. ತಾನೇ ಅಪ್ಪನ್ನ ಕೊಂದೆ ಅಂತಳೆ."

ಯಾಕೆ ಅಂದೆ.

"ಆ ಸೋಮವಾರ ಮಳೆ ಹಿಡೀತಲ, ಅವ ಬಾಗಿಲ ತೆಗೀತೆ ಅಂತ ಕಂಬಳಿ ಹಾಕ್ಕಂಡು ಹೊಂಟವ. ಇವ್ಳು ಕಾಗದ ತೋರ್ಸಿ ನಿಲ್ಸದ್ಳು. ಇಷ್ಟ ದಿನ ಕಾದು ಈಗ ಹಾಳು ಮಾಡೂದಾ ಅಂದ್ಳು. ಅವ ತಿರ್ಗಿ ಬಂದು ಕೂತ. ಅದೇ ನೆನಸ್ಕಂತೆ ಇರ್ತಳೆ. ಉಣ್ಣೂದಿಲ್ಲ ಸರಿ. ಪುಸ್ತಕ, ಪೆನ್ನು ಎಲ್ಲ ಒಲೆಗೆ ಹಾಕಿ ಹೋದ್ಳು."

ಆಗಲೇ ಹೇಳಬಹುದಿತ್ತು. ಪಕ್ಕದಲ್ಲಿ ಯಾರೋ ಗೆಣಸಿಗೆ ಚೌಕಾಸಿ ಮಾಡುತ್ತಿದ್ದರು. ನಾನು ಒಂದು ಕಟ್ಟು ಹರಿವೆ ತೆಗೆದುಕೊಂಡು ಬಂದೆ.


16 ಅಕ್ಟೋಬರ್

ಹರಿವೆ ಪದಾರ್ಥ ಮಾಡಿದಳು ಆಯಿ. ತಿನ್ನಲಿಲ್ಲ.

ಲೆಕ್ಕ ಹೀಗೆ: ನಾನು ಹೇಳಿದರೆ ಹಾಳೆ ಹೋಗುತ್ತದೆ, ಎರಡು ವರ್ಷದ ನಂಬಿಕೆ ಹೋಗುತ್ತದೆ, ಊರಿನೊಳಗೆ ಕಾಲಿಡುವ ಹಾಗಿಲ್ಲ. ಹೇಳದಿದ್ದರೆ ಹತ್ತೊಂಬತ್ತು ವರ್ಷದ ಒಂದು ಹುಡುಗಿ ಜೀವಮಾನ ಪೂರ್ತಿ ತಾನು ಅಪ್ಪನನ್ನು ಕೊಂದೆ ಅಂದುಕೊಂಡಿರುತ್ತಾಳೆ.

ಬರೆದು ನೋಡಿದರೆ ಇದರಲ್ಲಿ ತೂಗುವಂಥದ್ದು ಏನೂ ಇಲ್ಲ. ಆದರೂ ತೂಗುತ್ತ ಕೂತಿದ್ದೇನೆ.


5 ನವೆಂಬರ್, ಭಾನುವಾರ

ಮಾಜಾಳಿ ಬಸ್ಸು ಹತ್ತಿದೆ. ಸದಾಶಿವಗಡದಲ್ಲಿ ಇಳಿದುಬಿಟ್ಟೆ. ಸೇತುವೆಯ ಮೇಲೆ ನಡೆದು ವಾಪಸು ಬಂದೆ. ಬಿಸಿಲು ಜೋರು. ಆಯಿಗೆ ತಲೆನೋವು ಅಂದೆ.


12 ನವೆಂಬರ್, ಭಾನುವಾರ. ಮಧ್ಯಾಹ್ನ 3

ಹೋದೆ. ಹೇಳಿದೆ.

ಗಂಗಿಯ ಮನೆ ಸಮುದ್ರದ ಕಡೆ, ಬಲೆ ಒಣಹಾಕಿದ ಜಾಗ ದಾಟಿ. ಉಮಾ ಬಾವಿಕಟ್ಟೆಯಲ್ಲಿ ಫ್ಯಾಕ್ಟರಿಯ ಏಪ್ರನ್ ತೊಳೆಯುತ್ತಿದ್ದಳು. ಗುರುತೇ ಸಿಗದಷ್ಟು ಇಳಿದಿದ್ದಾಳೆ. ಬೆರಳುಗಳೆಲ್ಲ ಐಸಿನಲ್ಲಿದ್ದು ಬಿಳಿಚಿ ಸುಕ್ಕಾಗಿವೆ. ನನ್ನನ್ನು ನೋಡಿ ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆ.

ಕೂತು ಮಾತಾಡೋಣ ಅಂದೆ. ಕೂರಲಿಲ್ಲ. ನಿಂತೇ ಹೇಳಿದೆ. ಪುಣೆಯವರು ಬರೆದದ್ದರಲ್ಲಿ ಕೊನೆಗೆ ಒಂದು ಎಚ್ಚರಿಕೆ ಇತ್ತು, ನಾನು ಅದನ್ನು ಬಿಟ್ಟೆ, ಹಾಳೆಯಲ್ಲಿ ಜಾಗ ಸಾಲಲಿಲ್ಲ. ಆಮೇಲೆ ಅದೂ ಸುಳ್ಳು ಅನ್ನಿಸಿತು. ಜಾಗ ಇತ್ತು, ಅಲ್ಲಿ ನನ್ನ ಹೊಗಳಿಕೆ ಹಾಕಿಕೊಂಡೆ ಅಂತ ಹೇಳಿದೆ.

"ಏನಿತ್ತು? ಓದಿ."

ಚೀಟಿಯಲ್ಲಿ ಕನ್ನಡ ಮಾಡಿಕೊಂಡು ಹೋಗಿದ್ದೆ. ಓದಿದೆ.

"ಇನ್ನೊಂದ್ಸಲ."

ಓದಿದೆ. ಗದ್ದೆಯವರ ಮಾತೇ ಕೊನೆಯದು ಎನ್ನುವಲ್ಲಿ ಅವಳು ತುಟಿ ಅಲ್ಲಾಡಿಸಿದಳು, ಬಾಯಿಪಾಠ ಮಾಡಿಕೊಳ್ಳುವವಳಂತೆ.

"ಅಂದ್ರೆ ಅಪ್ಪ ತೆಗೀತೆ ಅಂದದ್ದೇ ಸರಿ ಇತ್ತು."

ಹೌದು ಅಂದೆ. ನಿನ್ನ ತಪ್ಪಿಲ್ಲ, ಕಾಗದದಲ್ಲಿ ಇಲ್ಲದ್ದನ್ನು ನೀನು ಹೇಗೆ ಓದುತ್ತಿದ್ದೆ ಅಂದೆ.

ಅವಳು ಏಪ್ರನ್ ಹಿಂಡಿದಳು. ನೀರು ಪೂರ ಹೋಗುವ ತನಕ ಹಿಂಡಿದಳು.

"ನಿಮ್ಗೆ ಯಾವಾಗ ಗೊತ್ತಾಯ್ತು?"

ಜುಲೈ ಮೂವತ್ತೊಂದು, ಅಂದೆ.

ಬೆರಳು ಮಡಚಿದಳು. "ಆಗಸ್ಟು. ಸೆಪ್ಟೆಂಬರು. ಅಕ್ಟೋಬರು." ನಾಲ್ಕನೆಯ ಬೆರಳು ಅರ್ಧ ಮಡಚಿ ನಿಲ್ಲಿಸಿದಳು. "ನಾ ದಿನಾ ಬಸ್ಸಲ್ಲಿ ಅಪ್ಪನ ಹತ್ರ ಮಾಫಿ ಕೇಳ್ತೇ ಹೋತಿದ್ದೆ. ಗೋವಾ ಗೇಟ್ ತನಕ. ನೀವು ಕಾಲೇಜಿಗೆ ಹೋಗಿ ಪಾಠ ಮಾಡ್ತಿದ್ರಿ."

ನನ್ನ ಬಾಯಿಂದ ಏನೋ ಹೊರಟಿತು, ಕ್ಷಮಿಸು ಅಂತಲೋ ಏನೋ.

"ನೀವು ಹೋಗಿ ಅಕ್ಕೋರೆ. ನಮ್ಮ ಆಯಿಗೆ ನೀವೇ ಹೇಳ್ಬೇಕು. ನಾ ಹೇಳೂದಿಲ್ಲ."

ರಸ್ತೆಯ ತನಕ ಗಂಗಿ ಹಿಂದೆ ಬಂದಳು. ಹುಡುಗಿಗೆ ಏನು ಹೇಳಿದಿರಿ ಅಂತ ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ.

"ಬಾವಿ ಹತ್ರ ಕೂತು ಅಳ್ತೇ ಅದೆ," ಅಂದಳು. "ಅವ್ರಪ್ಪ ಹೋದಾಗ್ಲೂ ಅತ್ತಿದ್ದಿಲ್ಲ."


13 ನವೆಂಬರ್

ಎರಡನೇ ಪಿರಿಯಡ್. ಬೇರಿನ ರಚನೆ. ಬೋರ್ಡಿನ ಮೇಲೆ ಚಿತ್ರ ಬರೆದು ಹಾಗೇ ನಿಂತೆ. ಹುಡುಗರು ತಾವಾಗಿ ಎದ್ದು ಹೋದರು.


19 ನವೆಂಬರ್, ಭಾನುವಾರ. ಸಂಜೆ 5

ಭಾವಿಕೇರಿ. ತಿಮ್ಮಿ ಮನೆಯ ಹಿಂದೆ ಬದನೆ ಸಸಿಗೆ ಮಣ್ಣು ಏರಿಸುತ್ತಿದ್ದಳು. ಅಲ್ಲೇ ಏರಿಯ ಮೇಲೆ ಕೂತು ಎಲ್ಲ ಹೇಳಿದೆ. ಈ ಸಲ ಚೀಟಿ ನೋಡದೆ ಹೇಳಿದೆ. ಚೌಕದ ವಿಷಯವನ್ನೂ.

ಕೈ ನಿಲ್ಲಿಸಲಿಲ್ಲ ಅವಳು. ಸಾಲು ಮುಗಿಯುವ ತನಕ ಏರಿಸಿದಳು. ಆಮೇಲೆ ಗುದ್ದಲಿ ಪಕ್ಕಕ್ಕಿಟ್ಟು ನನ್ನ ಎದುರು ಕೂತಳು.

"ಅವ ಕಾಗದ ನೋಡಿ ನಿಂತವ ಅಲ್ಲ ಅಕ್ಕೋರೆ. ಮೂವತ್ತ ವರ್ಷ ಬಾಗಿಲ ತೆಗ್ದು ಮುಚ್ಚಿದವ, ಅವ್ಗೆ ಗೊತ್ತಿತ್ತು. ಮಗ್ಳು ಓದ್ದದ್ದು ಅಂತ ನಿಂತ. ನಮ್ಮ ಮನೆಲಿ ಓದ್ದವ್ಳು ಅವ್ಳೊಬ್ಳೇ ಅಲಾ. ಅವ್ಳ ಮಾತ ಸುಳ್ಳ ಮಾಡೂಕೆ ಮನ್ಸಾಗ್ಲಿಲ್ಲ ಅವ್ಗೆ."

ನಾನು ಮಾತಿಗೆ ಬಾಯಿ ತೆರೆದೆ.

"ನೀವು ಒಳ್ಳೇದು ಮಾಡೂಕೆ ಬಂದದ್ದು ನಂಗೆ ಗೊತ್ತದೆ. ಅದ ಹೇಳೂದು ಬೇಡ. ಹೇಳಿದ್ರೆ ನಂಗೆ ಸಿಟ್ಟ ಬತ್ತದೆ."

ಅಲ್ಲಿಂದ ಗಜನಿ ಕಾಣುತ್ತದೆ. ಕಟ್ಟೆ ಒಡೆದಲ್ಲಿ ಭರತದ ನೀರು ಒಳಗೆ ಬರುತ್ತಿತ್ತು. ಭತ್ತ ನಿಂತಿದ್ದ ಜಾಗದಲ್ಲಿ ಬೆಳ್ಳಕ್ಕಿಗಳು. ಬಿತ್ತಲು ಒಂದು ಮುಷ್ಟಿ ಕಗ್ಗವೂ ಮನೆಯಲ್ಲಿ ಉಳಿದಿಲ್ಲ. ಕಗ್ಗ ಬೆಳೆಯುತ್ತಿದ್ದ ಆ ಇನ್ನೊಬ್ಬನೂ ಈ ವರ್ಷ ಗದ್ದೆಯನ್ನು ಸಿಗಡಿಯವರಿಗೆ ಕೊಟ್ಟನಂತೆ.

"ಆ ಪುಣೆಯವ್ರಿಗೆ ಗೊತ್ತದ್ಯಾ, ಅವ ಹೋದದ್ದು?"

ಇಲ್ಲ ಅಂದೆ. ಗದ್ದೆ ಏನಾಯಿತು ಅಂತ ಕೇಳಿ ಬರೆದಿದ್ದರು, ಉತ್ತರ ಕೊಟ್ಟಿಲ್ಲ ಅಂದೆ.

"ಊರವ್ರು ಇಷ್ಟ ದಿನ ಅವ್ರ ಬೈದ್ರು. ಅವ್ರು ಬರ್ದದ್ದು ಸರಿ ಇತ್ತು." ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡಳು. "ಅವ್ರಿಗೆ ಬರೀರಿ. ಅಲ್ಲಿ ಇನ್ನೂರ ಜನ ಇರ್ತ್ರು ಅಂದ್ರಲ, ಅವ್ರಿಗೆಲ್ಲ ಬರೀರಿ. ಮತ್ತೆಲ್ಲಾದ್ರೂ ಯಾರಾದ್ರೂ ಬಾಗಿಲ ಮುಚ್ಕಂಡು ಕೂತಿದ್ರೆ. ಸೋಮುಗೆ, ಊರಿಗೆ ನಾ ಹೇಳ್ತೆ. ನೀವು ಅಂಗಡಿ ಹತ್ರ ನಿಲ್ಬೇಡಿ ಇವತ್ತು, ಹಿಂದಿನ ದಾರಿಲಿ ಹೋಗಿ."

ಎದ್ದೆ. ಅವಳು ಮತ್ತೆ ಗುದ್ದಲಿ ಹಿಡಿದಳು. ಯಾವತ್ತೂ ಚಾ ಕೊಡದೆ ಕಳಿಸಿದವಳಲ್ಲ. ಇವತ್ತು ಕೇಳಲಿಲ್ಲ.


20 ನವೆಂಬರ್, ಸೋಮವಾರ. ಬೆಳಿಗ್ಗೆ 9

ಕಾಲೇಜಿಗೆ ರಜೆ ಹಾಕಿದ್ದೇನೆ. ಸೈಬರ್ ಹತ್ತಕ್ಕೆ ತೆಗೆಯುತ್ತದೆ. ಇಲ್ಲೇ ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷ್ ಮಾಡುತ್ತೇನೆ. ನೇರ ಇಂಗ್ಲಿಷಿನಲ್ಲಿ ಬರೆದರೆ ಎಲ್ಲೋ ನುಣುಚಿಕೊಳ್ಳುತ್ತೇನೆ.

ಮಾನ್ಯ ಹರಿಶ್ಚಂದ್ರರಿಗೆ, ಮತ್ತು ಗುಂಪಿನ ಎಲ್ಲರಿಗೆ,

ಗದ್ದೆ ಏನಾಯಿತೆಂದು ಆಗಸ್ಟ್‌ನಲ್ಲಿ ಕೇಳಿದ್ದಿರಿ. ಉತ್ತರಿಸಲಿಲ್ಲ. ಪ್ರಶ್ನೆ ಕೇಳಿದವರ ಹೆಸರನ್ನು ನಾನು ನಿಮಗೆ ಯಾವತ್ತೂ ಕಳಿಸಿರಲಿಲ್ಲ. ಬೀರ ಗೌಡ. ವಯಸ್ಸು ನಲವತ್ತೆಂಟು. ಭಾವಿಕೇರಿ, ಅಂಕೋಲಾ ತಾಲೂಕು. ಕಗ್ಗ ಬೆಳೆಯುತ್ತಿದ್ದರು. ನಿಮ್ಮ ಸಲಹೆಯಂತೆ ಜುಲೈ ಎರಡಕ್ಕೆ ಬಾಗಿಲು ಮುಚ್ಚಿದರು. ನಿಮ್ಮ ಸಲಹೆಯಂತೆ ಅಲ್ಲ — ನಾನು ಅವರಿಗೆ ತಲುಪಿಸಿದಂತೆ. ಎರಡೂ ಒಂದೇ ಆಗಿರಲಿಲ್ಲ. ನೀವು ಬರೆದದ್ದರಲ್ಲಿ ನಾನು ಕೊನೆಯ ಎಚ್ಚರಿಕೆಯನ್ನು ಬಿಟ್ಟೆ; ಬಾಗಿಲು ತೆಗೆಯಲು ಹೋಗಿ ಜುಲೈ ಹದಿನೆಂಟಕ್ಕೆ ಅವರು ತೀರಿಕೊಂಡರು.